ಒಂದು ನಗರಕ್ಕೆ ಎಷ್ಟು ವರ್ಕರ್‌ಗಳು ಬೇಕು?

ನಗರಗಳನ್ನು ಕಟ್ಟಿ ಬೆಳೆಸುವ, ಸರದಿಯಂತೆ ಆಡುವ ಸಿವಿಲೈಸೇಶನ್ ಸರಣಿಯ ಕಂಪ್ಯೂಟರ್ ಆಟಗಳನ್ನು ಆಡುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ವರ್ಕರ್ ಎಂದರೆ ನಕ್ಷೆಯ ಚೌಕಗಳಲ್ಲಿ ಹೊಲ, ಗಣಿ, ರಸ್ತೆಗಳನ್ನು ಮಾಡುವ ಆಳು. ಕೇಳುವವರಿಗೆ ಬೇಕಿರುವುದು ಒಂದು ಸಂಖ್ಯೆಯಾದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. 2005ರಲ್ಲಿ ಬಂದ, ನಾನು ಇಂದಿಗೂ ಹೆಚ್ಚಾಗಿ ಆಡುವ ಸಿವಿಲೈಸೇಶನ್ 4ರಲ್ಲಿ ಆರಂಭಕ್ಕೆ ನಗರಕ್ಕೊಬ್ಬ ಸಾಕು. ಮೂರು ನಾಲ್ಕು ನಗರಗಳಾದ ಮೇಲೆ ಎರಡು ನಗರಗಳಿಗೆ ಮೂವರಂತೆ ಇರಲಿ. ಸುತ್ತ ಜಂಗಲ್ ಚೌಕಗಳೇ ತುಂಬಿದ್ದರೆ ಇನ್ನೂ ಒಬ್ಬಿಬ್ಬರು ಬೇಕಾಗುತ್ತಾರೆ. ಆದರೆ ಈ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸಿಯೂ ಹಿಂದೆ ಬೀಳುವುದು ಸಾಧ್ಯ. ನಾನೇ ಹಾಗೆ ಬಹಳ ದಿನ ಆಡಿದ್ದೇನೆ. ಎಣಿಸಬೇಕಾದದ್ದು ವರ್ಕರ್‌ಗಳ ತಲೆಯನ್ನಲ್ಲ, ಏನೂ ಸುಧಾರಣೆಯಾಗದ ಬರಿಯ ಚೌಕಗಳಲ್ಲಿ ದುಡಿಯುತ್ತಿರುವ ಪ್ರಜೆಗಳನ್ನು.

ಮೊದಲ ವರ್ಕರ್‌ನ ಲೆಕ್ಕವನ್ನೇ ನೋಡೋಣ. ಸಾಮಾನ್ಯ ವೇಗದ ಆಟದಲ್ಲಿ ಅವನ ಬೆಲೆ 60 ಹ್ಯಾಮರ್ (ನಗರದ ಉತ್ಪಾದನೆಯ ಅಳತೆ). ಅವನು ಸಿದ್ಧವಾಗುವವರೆಗೆ ನಗರ ಬೆಳೆಯುವುದಿಲ್ಲ, ಮಿಕ್ಕ ಆಹಾರವೂ ಅವನ ಖಾತೆಗೇ ಹೋಗುತ್ತದೆ. ನಗರದ ಚೌಕ 2 ಆಹಾರ, 1 ಹ್ಯಾಮರ್ ಕೊಡುತ್ತದೆ. ಇರುವ ಒಬ್ಬನೇ ಪ್ರಜೆ ನದಿಯ ಬದಿಯ ಹುಲ್ಲುಗಾವಲಿನ ಜೋಳದ ಚೌಕದಲ್ಲಿದ್ದರೆ ಇನ್ನೂ 3 ಆಹಾರ ಬರುತ್ತದೆ. ಪ್ರಜೆ ತಿನ್ನುವ 2 ಆಹಾರವನ್ನು ಕಳೆದರೆ ಆಹಾರ, ಹ್ಯಾಮರ್ ಸೇರಿ ಪ್ರತಿ ಸರದಿಗೆ 4 ಉಳಿಯುತ್ತದೆ, ಅಂದರೆ ವರ್ಕರ್ ಬರಲು 15 ಸರದಿಗಳು. ಇಷ್ಟು ದೀರ್ಘಕಾಲ ನಗರವನ್ನು ನಿಲ್ಲಿಸುವುದು ಹೊಸಬರಿಗೆ ದುಬಾರಿಯೆನಿಸಿ, ಅವರು ಮೊದಲು ಯೋಧನನ್ನೋ ಕಟ್ಟಡವನ್ನೋ ಆರಿಸಿಕೊಳ್ಳುತ್ತಾರೆ. ಆದರೆ ಅದೇ ಜೋಳದ ಮೇಲೆ ಹೊಲ ಎದ್ದರೆ ಆ ಚೌಕ 3ರ ಬದಲು 6 ಆಹಾರ ಕೊಡುತ್ತದೆ. ಎರಡನೆಯ ಪ್ರಜೆ ಹುಟ್ಟಲು 22 ಆಹಾರ ಕೂಡಬೇಕು. ಹೊಲವಿಲ್ಲದೆ ಅದಕ್ಕೆ 8 ಸರದಿ ಹಿಡಿದರೆ, ಹೊಲವಿದ್ದರೆ 4 ಸಾಕು. ಈ ವ್ಯತ್ಯಾಸ ಮುಂದಿನ ಪ್ರತಿಯೊಬ್ಬ ಪ್ರಜೆಯ ಹುಟ್ಟಿಗೂ ಅನ್ವಯಿಸುವುದರಿಂದ, ಕೃಷಿವಿದ್ಯೆ ಕೈಯಲ್ಲಿದ್ದು ಹತ್ತಿರದಲ್ಲಿ ಇಂಥ ಚೌಕವಿರುವಾಗ ನಾನು ವರ್ಕರ್‌ನ ಹೊರತು ಬೇರೇನನ್ನೂ ಮೊದಲು ತಯಾರಿಸುವುದಿಲ್ಲ.

ಮುಂದಿನ ತೊಡಕು ಯಾವ ಚೌಕವನ್ನು ಮೊದಲು ಹಿಡಿಯಬೇಕೆಂಬುದು. ನಗರದ ಸುತ್ತ 20 ಚೌಕಗಳಿದ್ದರೂ ನಾಲ್ವರು ಪ್ರಜೆಗಳಿರುವ ನಗರ ನಾಲ್ಕರಲ್ಲಿ ಮಾತ್ರ ದುಡಿಯಬಲ್ಲದು. ಸಂತೋಷದ ಮಿತಿ, ಅಂದರೆ ನಗರ ಅಸಮಾಧಾನವಿಲ್ಲದೆ ಸಾಕಬಲ್ಲ ಪ್ರಜೆಗಳ ಸಂಖ್ಯೆ, ಐದಕ್ಕೆ ನಿಂತಿದ್ದರೆ ಆರನೆಯ ಚೌಕದ ಮೇಲೆ ಮಾಡಿದ ಕೆಲಸವೆಲ್ಲ ಸದ್ಯಕ್ಕೆ ನೀರಿನಲ್ಲಿ ಮಾಡಿದ ಹೋಮ. ನನ್ನ ಹಳೆಯ ಆಟಗಳಲ್ಲಿ ರಾಜಧಾನಿಯ ಸುತ್ತ ಹೊಲ ಗಣಿಗಳು ಕಣ್ಣಿಗೆ ಹಬ್ಬವಾಗುವಂತೆ ಹರಡಿರುತ್ತಿದ್ದವು; ಎರಡನೆಯ ನಗರದ ಪ್ರಜೆಗಳು ಮಾತ್ರ ಬೋಳು ಬಯಲಿನಲ್ಲಿ ಹೊಟ್ಟೆ ಹೊರೆಯುತ್ತಿದ್ದರು. ಈಗ ವರ್ಕರ್‌ಗೆ ಆಜ್ಞೆ ಕೊಡುವ ಮುನ್ನ, ಈ ಕೆಲಸ ಮುಗಿಯುವ ಹೊತ್ತಿಗೆ ಅಲ್ಲಿ ದುಡಿಯಲು ಒಬ್ಬ ಪ್ರಜೆ ಇರುತ್ತಾನೆಯೇ ಎಂದು ಕೇಳಿಕೊಳ್ಳುತ್ತೇನೆ. ವಾಣಿಜ್ಯ ತರುವ ವಸತಿಗಳಾದ ಕಾಟೇಜ್‌ಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಪ್ರಜೆ ಅಲ್ಲಿ ದುಡಿದಷ್ಟು ಕಾಲ ಮಾತ್ರ ಕಾಟೇಜ್ ಬೆಳೆಯುತ್ತದೆ: 10 ಸರದಿಗೆ ಹ್ಯಾಮ್ಲೆಟ್, ಮತ್ತೆ 20ಕ್ಕೆ ವಿಲೇಜ್, ಅದರ ಮೇಲೆ 40ಕ್ಕೆ ಟೌನ್. ಪಾಳುಬಿದ್ದ ಕಾಟೇಜ್ ನೂರು ಸರದಿಯ ನಂತರವೂ ಕಾಟೇಜ್ ಆಗಿಯೇ ಇರುತ್ತದೆ.

ದಕ್ಷತೆ ಸೋರಿಹೋಗುವ ಇನ್ನೊಂದು ಜಾಗ ನಡಿಗೆ. ವರ್ಕರ್‌ಗೆ ಸರದಿಗೆ ಎರಡು ಹೆಜ್ಜೆಗಳಿವೆ. ಬಯಲಿನ ಪಕ್ಕದ ಚೌಕಕ್ಕೆ ಹೋದರೆ ಒಂದು ಹೆಜ್ಜೆ ಉಳಿದು ಕೆಲಸ ಅದೇ ಸರದಿಯಲ್ಲಿ ಶುರುವಾಗುತ್ತದೆ. ರಸ್ತೆಯಿಲ್ಲದ ಕಾಡಿಗೋ ಗುಡ್ಡಕ್ಕೋ ಕಾಲಿಟ್ಟರೆ ಎರಡೂ ಮುಗಿದು ಆ ಸರದಿ ಪೂರ್ತಿ ಹೋಗುತ್ತದೆ. ನಾಲ್ಕು ಸರದಿಯ ಗಣಿಗೆ ಇಬ್ಬರನ್ನು ಹಚ್ಚಿದರೆ ಎರಡರಲ್ಲೇ ಮುಗಿಯುತ್ತದೆಂಬುದು ನಿಜ, ಆದರೆ ಗುಡ್ಡ ಹತ್ತುವ ಸರದಿಯನ್ನು ಇಬ್ಬರೂ ಕಳೆದುಕೊಳ್ಳುತ್ತಾರೆ. ಆದ್ದರಿಂದ ಜೋಡಿಯನ್ನು ಬಯಲಿನಲ್ಲಿ, ಅದರಲ್ಲೂ ಪ್ರಜೆ ಆಗಲೇ ಕಾಯುತ್ತಿರುವ ಚೌಕದಲ್ಲಿ ಬಳಸುವುದು ಲೇಸು. ರಸ್ತೆಗಳ ಬಗ್ಗೆ ಒಂದೇ ಮಾತು: ಮೂರನೆಯ ಆವೃತ್ತಿಯಲ್ಲಿ ದುಡಿಯುವ ಚೌಕದ ರಸ್ತೆ ವಾಣಿಜ್ಯವನ್ನು ಕೊಡುತ್ತಿದ್ದುದರಿಂದ ಎಲ್ಲೆಡೆ ರಸ್ತೆ ಹಾಕುವುದು ಸರಿಯಾಗಿತ್ತು, ನಾಲ್ಕರಲ್ಲಿ ಆ ಲಾಭವಿಲ್ಲ, ನಗರಗಳನ್ನೂ ಸಂಪನ್ಮೂಲಗಳನ್ನೂ ಜೋಡಿಸಿದರೆ ಸಾಕು.

ಕಾಡು ಕಡಿಯುವುದರಲ್ಲಿ ವರ್ಕರ್ ತನ್ನ ಬೆಲೆಯನ್ನು ತಾನೇ ತೀರಿಸುತ್ತಾನೆ. ಕಂಚಿನ ವಿದ್ಯೆ ಬಂದ ಮೇಲೆ ಒಂದು ಕಾಡನ್ನು ಹೊಕ್ಕು ಕಡಿಯಲು ಸುಮಾರು ನಾಲ್ಕು ಸರದಿ, ಅದರಿಂದ ನಗರಕ್ಕೆ 20 ಹ್ಯಾಮರ್. ಮೂರು ಕಾಡುಗಳಾದರೆ ಅವನ 60 ಹಿಂದಿರುಗಿತು. ಗಣಿತದ ವಿದ್ಯೆ ಬಂದರೆ ಆ 20 ಎಂಬುದು 30 ಆಗುತ್ತದೆ. ಅರ್ಧ ಮಾಡಿಬಿಟ್ಟ ಕೆಲಸ ಚೌಕದಲ್ಲಿ ಹಾಗೆಯೇ ಉಳಿಯುವುದರಿಂದ, ಗಣಿತ ಇನ್ನೂ ಕೆಲವು ಸರದಿ ದೂರವಿರುವಾಗ ಒಂದೇ ಸರದಿಯ ಕೆಲಸ ಉಳಿಯುವವರೆಗೆ ಕಡಿದು ಮುಂದಿನ ಕಾಡಿಗೆ ಹೋಗಬಹುದು, ವಿದ್ಯೆ ಬಂದೊಡನೆ ಎಲ್ಲವನ್ನೂ ಸಾಲಾಗಿ ಉರುಳಿಸಬಹುದು. ಬೇಸರ ತರಿಸುವ ಕೆಲಸವಿದು, ಆದರೆ ಒಂದು ಮಹಾಕಟ್ಟಡದ ಪೈಪೋಟಿಯಲ್ಲಿ ಗೆಲ್ಲಿಸುವುದೂ ಇದೇ.

ಎಲ್ಲವನ್ನೂ ಸ್ವಯಂಚಾಲನೆಗೆ ಬಿಡಬಾರದೇ ಎಂಬುದು ಉಪಪ್ರಶ್ನೆ. ಮೊದಲ ನೂರು ಸರದಿಗಳಲ್ಲಿ ಖಂಡಿತ ಬೇಡ. ಯಂತ್ರಕ್ಕೆ ನಿಮ್ಮ ಯೋಜನೆ ತಿಳಿಯದು. ನಂತರ ಬಿಡುವುದಾದರೆ, ಹಳೆಯ ಸುಧಾರಣೆಗಳನ್ನು ಮುಟ್ಟಬಾರದು, ಕಾಡುಗಳನ್ನು ಉಳಿಸಬೇಕು ಎಂಬ ಎರಡು ಆಯ್ಕೆಗಳನ್ನು ಮರೆಯದೆ ಗುರುತು ಮಾಡಿ. ಇಲ್ಲವಾದರೆ ಬೆಳೆದುನಿಂತ ಟೌನ್ ಒಂದು ದಿನ ಹೊಲವಾಗಿರುತ್ತದೆ. ನಾನು ಕೊನೆಯಲ್ಲಿ ಇಬ್ಬರನ್ನು ವ್ಯಾಪಾರಜಾಲ ಕಟ್ಟಲು ಮಾತ್ರ ಬಿಡುತ್ತೇನೆ.

2016ರ ಆರನೆಯ ಆವೃತ್ತಿಯವರಿಗೆ ಈ ಉತ್ತರ ಪೂರ್ತಿ ಹೊಂದುವುದಿಲ್ಲ. ಅಲ್ಲಿ ವರ್ಕರ್‌ನ ಬದಲಿರುವ ಬಿಲ್ಡರ್ ಕ್ಷಣದಲ್ಲಿ ಕೆಲಸ ಮುಗಿಸುತ್ತಾನೆ, ಮೂರು ಬಾರಿ ದುಡಿದು ಮಾಯವಾಗುತ್ತಾನೆ, ಪ್ರತಿ ಹೊಸ ಬಿಲ್ಡರ್ ಹಿಂದಿನವನಿಗಿಂತ ತುಸು ದುಬಾರಿ. ಅಲ್ಲಿ ಉಳಿಸಬೇಕಾದದ್ದು ಸರದಿಗಳನ್ನಲ್ಲ, ಆ ಮೂರು ಅವಕಾಶಗಳನ್ನು. ಫ್ಯೂಡಲಿಸಂ ಎಂಬ ಹಂತ ತೆರೆದಾಗ ಸಿಗುವ ಸರ್ಫ್‌ಡಮ್ ಎಂಬ ನೀತಿಯ ಕಾರ್ಡ್ ಅದನ್ನು ಐದಕ್ಕೇರಿಸುತ್ತದೆ; ಆದರೆ ಕಾರ್ಡ್ ಹಾಕಿದ ಮೇಲೆ ತಯಾರಾದವರಿಗೆ ಮಾತ್ರ. ಹಾಗಾಗಿ ಅದಕ್ಕೆ ನಾಲ್ಕೈದು ಸರದಿ ಬಾಕಿಯಿರುವಾಗ ನಾನು ಬಿಲ್ಡರ್‌ಗಳನ್ನು ನಿಲ್ಲಿಸಿ, ಕಾರ್ಡ್ ಕೂತೊಡನೆ ಎಲ್ಲ ನಗರಗಳಲ್ಲೂ ಒಟ್ಟಿಗೆ ಶುರು ಮಾಡುತ್ತೇನೆ. 2025ರ ಏಳನೆಯ ಆವೃತ್ತಿಯಲ್ಲಂತೂ ವರ್ಕರ್ ಇಲ್ಲ, ಬಿಲ್ಡರ್ ಕೂಡ ಇಲ್ಲ. ನಗರ ಬೆಳೆದಾಗ ಚೌಕವನ್ನು ಆರಿಸಿದರೆ ಸುಧಾರಣೆ ತಾನಾಗಿ ಏಳುತ್ತದೆ. ಅದನ್ನು ಆಡುವವರು ಈ ಪ್ರಶ್ನೆಯನ್ನು ಕೇಳಿದರೆ ನನ್ನ ಉತ್ತರ ಸೊನ್ನೆ.