ಮೊದಲ ನಾಲ್ಕು ಪಂದ್ಯ: ಕಾಲೇಜು ಹಾಕಿ ತಂಡದ ಏರುಪೇರು ಎಲ್ಲಿಂದ ಬರುತ್ತದೆ

ಮಳೆ ಬಿಟ್ಟು ಕಾಲೇಜು ಹಾಕಿ ಶುರುವಾಯಿತೆಂದರೆ ಕೊಡಗಿನ ಮೈದಾನಗಳ ಬದಿಯಲ್ಲಿ ಪ್ರತಿ ವರ್ಷ ಕೇಳುವ ಮಾತು ಒಂದೇ: "ಮೊನ್ನೆ ಅಷ್ಟು ಚೆನ್ನಾಗಿ ಆಡಿದವರಿಗೆ ಇವತ್ತೇನಾಯ್ತು?" ಐದಾರು ಗೋಲು ಹೊಡೆದು ಗೆದ್ದ ತಂಡ ಮುಂದಿನ ಪಂದ್ಯದಲ್ಲಿ ಒಂದು ಗೋಲಿಗೂ ಗತಿಯಿಲ್ಲದೆ ಸೋಲುತ್ತದೆ. ಅದರ ಮುಂದಿನ ಪಂದ್ಯ ಡ್ರಾ. ಹುಡುಗರಿಗೆ ಮನಸ್ಸಿಲ್ಲ, ಅಂಪೈರು ಸರಿಯಿಲ್ಲ, ಗ್ರಹಚಾರ ಸರಿಯಿಲ್ಲ ಅಂತ ಕಾರಣ ಹುಡುಕುತ್ತಾರೆ. ನಿಜವಾದ ಕಾರಣ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಅಭ್ಯಾಸ ನಡೆಯಿತು, ಏನು ನಡೆಯಲಿಲ್ಲ ಎಂಬುದರಲ್ಲಿ.

ಏಪ್ರಿಲ್, ಮೇ ತಿಂಗಳಲ್ಲಿ ಕೊಡವ ಮನೆಗಳ ಹುಡುಗರು ತಮ್ಮ ತಮ್ಮ ಒಕ್ಕದ (ಕುಲ ಕುಟುಂಬದ) ಪರವಾಗಿ ಕೌಟುಂಬಿಕ ಹಾಕಿ ಆಡಿ ಬಂದಿರುತ್ತಾರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರು ಮಾಡಿದ ಕೂಟ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದಿತ್ತು. ಅಲ್ಲಿ ಅಜ್ಜ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ ಒಂದೇ ತಂಡದಲ್ಲಿ ಆಡಬಹುದು. ಓಡಬಲ್ಲವನು ಕಾಲೇಜಿನ ಹುಡುಗ ಮಾತ್ರ ಎಂದಾದರೆ ಇಡೀ ಮೈದಾನ ಅವನದೇ. ಹಿಂದಿನಿಂದ ಚೆಂಡು ತಂದು, ಮೂವರನ್ನು ದಾಟಿಸಿ, ತಾನೇ ಹೊಡೆಯಬೇಕು. ಹೀಗೆ ಆಡಿ ಬಂದ ಧೈರ್ಯವನ್ನು ಯಾವ ಕೋಚೂ ಕಲಿಸಿಕೊಡಲಾರ, ಅದನ್ನು ಕಿತ್ತುಹಾಕಲು ಹೋಗಲೇಬಾರದು. ಆದರೆ ಅಂಥ ಐದು ಜನ ಒಂದೇ ಕಾಲೇಜು ತಂಡಕ್ಕೆ ಬಂದರೆ ಐವರೂ ಚೆಂಡು ಇರುವ ಕಡೆಗೇ ಓಡುತ್ತಾರೆ. ಎದುರಾಳಿ ದುರ್ಬಲನಾಗಿದ್ದರೆ ಗೋಲಿನ ಸುರಿಮಳೆ. ಎದುರಾಳಿ ಜಾಗ ಬಿಡದೆ ನಿಂತರೆ ಅದೇ ಆಟ ಮಧ್ಯದಲ್ಲಿ ಗಂಟು ಬೀಳುತ್ತದೆ. ಮೊದಲ ಎರಡು ಪಂದ್ಯಗಳ ಅಂತರಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಉಳಿದರ್ಧ ನೆಲದ್ದು. ಒಂದು ಪಂದ್ಯ ಕೂಡಿಗೆ ಅಥವಾ ಪೊನ್ನಂಪೇಟೆಯ ಟರ್ಫ್ (ಕೃತಕ ಹುಲ್ಲುಹಾಸು) ಮೇಲೆ, ಮುಂದಿನದು ಹುಲ್ಲು ಮಣ್ಣಿನ ಕಾಲೇಜು ಮೈದಾನದಲ್ಲಿ ಎಂದಾದರೆ ಹೆಚ್ಚುಕಡಿಮೆ ಎರಡು ಬೇರೆ ಆಟ ಆಡಿದ ಹಾಗೆ. ನೀರು ಹಾಯಿಸಿದ ಟರ್ಫ್‌ನಲ್ಲಿ ಚೆಂಡು ನೆಲಕ್ಕಂಟಿ ಜಾರುತ್ತದೆ. ಪುಷ್, ಅಂದರೆ ಸ್ಟಿಕ್ ಬೀಸದೆ ತಳ್ಳುವುದು ಸಾಕು, ಸ್ಟಿಕ್ಕನ್ನು ಮೊದಲೇ ತಗ್ಗಿಸಿ ಇಟ್ಟಿರಬೇಕು. ಒದ್ದೆ ಹುಲ್ಲಿನಲ್ಲಿ ಅದೇ ಪುಷ್ ಹತ್ತು ಹದಿನೈದು ಮೀಟರ್ ಹೋಗುವಷ್ಟರಲ್ಲಿ ಸತ್ತು ನಿಲ್ಲುತ್ತದೆ, ಎದುರಾಳಿ ಫಾರ್ವರ್ಡ್ ಅದನ್ನು ಎತ್ತಿಕೊಂಡು ಓಡುತ್ತಾನೆ. ಅಲ್ಲಿ ಸ್ಟಿಕ್ ಬೀಸಿ ಹೊಡೆಯುವ ಹಿಟ್ ಬೇಕು, ಚೆಂಡು ಪುಟಿಯುವುದನ್ನು ನೋಡಿ ಕೊನೆಯ ಕ್ಷಣದಲ್ಲಿ ಸ್ಟಿಕ್ ಹೊಂದಿಸುವ ಕೈ ಬೇಕು. ಹುಲ್ಲಿನ ಅಭ್ಯಾಸವಿರುವ ತಂಡ ಟರ್ಫ್‌ಗೆ ಇಳಿದರೆ ತಪ್ಪು ಉಲ್ಟಾ ಆಗುತ್ತದೆ. ಮುಂದಕ್ಕೆ ಹೊಡೆದ ಪಾಸುಗಳೆಲ್ಲ ಯಾರಿಗೂ ಸಿಗದೆ ಹಿಂಬದಿ ಗೆರೆ ದಾಟುತ್ತವೆ. ಇದಕ್ಕೆ ಮಾಡಬಹುದಾದದ್ದು: ಪಂದ್ಯಕ್ಕೆ ಮುಂಚಿನ ವಾರ್ಮ್‌ಅಪ್‌ನ ಮೊದಲ 10 ನಿಮಿಷ ಓಟ ಬೇಡ, ಇಬ್ಬಿಬ್ಬರು 15 ಮೀಟರ್ ದೂರ ನಿಂತು ಬರೀ ಪಾಸು ಕೊಡುವುದು, ಟ್ರ್ಯಾಪು ಮಾಡುವುದು (ಸ್ಟಿಕ್ಕಿನಲ್ಲಿ ತಡೆದು ನಿಲ್ಲಿಸುವುದು). ಆ ದಿನ ಆ ನೆಲದಲ್ಲಿ ಚೆಂಡು ಎಷ್ಟು ವೇಗ ಹೋಗುತ್ತದೆಂದು ಕೈಗೆ ಗೊತ್ತಾಗಬೇಕು. ಆಮೇಲೆ ಓಡಲಿ. ಬೂಟೂ ಅಷ್ಟೇ. ಟರ್ಫ್‌ನ ಸಣ್ಣ ಗುಂಡಿಗಳ ಬೂಟು ಕೆಸರಿನಲ್ಲಿ ಹಿಡಿಯುವುದಿಲ್ಲ, ಫುಲ್‌ಬ್ಯಾಕ್ ಒಮ್ಮೆ ಜಾರಿದರೆ ಅದು ಗೋಲು.

ಮಳೆಗಾಲದ ವಿಚಾರಕ್ಕೆ ಬಂದರೆ ಎಲ್ಲ ಕಾಲೇಜುಗಳ ಕಷ್ಟ ಒಂದೇ ಅಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ. ಮೀರಿ ಮಳೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರ, ಕೂಡಿಗೆ ಕಡೆಗೆ ಅದರ ಅರ್ಧವೂ ಬರುವುದಿಲ್ಲ. ಆ ಭಾಗದ ತಂಡಕ್ಕೆ ಜುಲೈನಲ್ಲೂ ವಾರಕ್ಕೆ ಎರಡು ಮೂರು ದಿನ ಮೈದಾನ ಸಿಕ್ಕಿರುತ್ತದೆ. ಮಡಿಕೇರಿ, ನಾಪೋಕ್ಲು ಸುತ್ತಿನವರಿಗೆ ಇಲ್ಲ. ಅದರ ಮೇಲೆ ನಾಟಿ ಕೆಲಸಕ್ಕೆ ಮನೆಗೆ ಹೋದವರು ಕೈಲ್‌ಪೊಳ್ದ್ ಹಬ್ಬ ಮುಗಿಸಿಯೇ ಬರುವುದೂ ಉಂಟು. ಸೆಪ್ಟೆಂಬರ್‌ನಲ್ಲಿ ಎರಡು ತಂಡ ಎದುರಾದಾಗ ಈ ವ್ಯತ್ಯಾಸ ಮೂರನೇ ಕ್ವಾರ್ಟರ್ ಹೊತ್ತಿಗೆ ಕಣ್ಣಿಗೆ ಹೊಡೆಯುತ್ತದೆ.

ಮೈದಾನವಿಲ್ಲದ ದಿನಗಳಿಗೆ ತೋಟದ ರಸ್ತೆಯಲ್ಲಿ ಏರು ಓಡಿಸಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ತೊಡೆಗೆ ಒಳ್ಳೆಯದು, ದಮ್ಮಿಗೂ ಒಳ್ಳೆಯದು. ಆದರೆ ಹಾಕಿಯ ಓಟ ಬಗ್ಗಿ ಓಡುವ ಓಟ, ಐದು ಹತ್ತು ಮೀಟರಿಗೆ ನಿಂತು ತಿರುಗುವ ಓಟ. ಅದನ್ನು ಸಭಾಂಗಣದಲ್ಲೋ ಶೆಡ್ಡಿನಲ್ಲೋ ಮಾಡಿಸಬಹುದು: ಸ್ಟಿಕ್ ಹಿಡಿದು ಬಗ್ಗಿ 20 ಸೆಕೆಂಡ್ ಹೋಗಿ ಬಂದು ಓಟ, 40 ಸೆಕೆಂಡ್ ವಿಶ್ರಾಂತಿ, ಎಂಟು ಸುತ್ತು, ಮೂರು ನಿಮಿಷ ಬಿಟ್ಟು ಮತ್ತೆ ಎಂಟು. ವಾರಕ್ಕೆ ಮೂರು ದಿನ. ಸೊಂಟದ ನೋವು ಮೊದಲ ವಾರ ಇದ್ದೇ ಇರುತ್ತದೆ. ಅದು ಪಂದ್ಯದ ದಿನ ಬರುವ ಬದಲು ಜುಲೈಯಲ್ಲೇ ಬಂದು ಹೋಗಲಿ. ಗೋಡೆಗೆ ಚೆಂಡು ಪುಷ್ ಮಾಡಿ ಹಿಡಿಯುವುದು ದಿನಕ್ಕೆ 10 ನಿಮಿಷ, ಅರ್ಧ ಫೋರ್‌ಹ್ಯಾಂಡ್, ಅರ್ಧ ರಿವರ್ಸ್ (ಸ್ಟಿಕ್ ತಿರುಗಿಸಿ ಎಡಬದಿಯಲ್ಲಿ). ಗೋಲಿಗೆ, ಅಂದರೆ ಗೋಲ್‌ಕೀಪರ್‌ಗೆ, ಹತ್ತಿರದಿಂದ ಟೆನಿಸ್ ಚೆಂಡು ಎಸೆದು ಕಾಲಿನಲ್ಲಿ ತಡೆಸಬೇಕು. ಗೋಲ್‌ಕೀಪರ್ ಪ್ಯಾಡು ಒದ್ದೆಯಾದರೆ ಅದನ್ನು ಒಲೆಯ ಹತ್ತಿರ ಇಡಬೇಡಿ. ಫೋಮ್ ಕಾವಿಗೆ ಗಟ್ಟಿಯಾಗಿ ಬಿರಿಯುತ್ತದೆ, ಆಮೇಲೆ ಚೆಂಡು ಅದಕ್ಕೆ ತಾಗಿ ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿಟ್ಟು ಒಣಗಿಸಬೇಕು.

ಇನ್ನು ಪೆನಾಲ್ಟಿ ಕಾರ್ನರ್, ಗೋಲಿನ ಹತ್ತಿರದ ತಪ್ಪಿಗೆ ಎದುರಾಳಿಗೆ ಸಿಗುವ ಗೋಲು ಹೊಡೆಯುವ ಅವಕಾಶ. ಸೀಸನ್‌ನ ಆರಂಭದಲ್ಲಿ ಸಮಬಲದ ತಂಡಗಳ ನಡುವೆ ಗೆದ್ದವರಿಗೂ ಸೋತವರಿಗೂ ಇರುವ ವ್ಯತ್ಯಾಸ ಬಹಳ ಸಲ ಇದೊಂದೇ. ಹಿಂಬದಿ ಗೆರೆಯ ಮೇಲೆ ಗೋಲು ಕಂಬದಿಂದ 10 ಮೀಟರ್ ದೂರದ ಗುರುತಿನಿಂದ ಚೆಂಡು ಹೊರಡುತ್ತದೆ. ತಳ್ಳುವವನ ಒಂದು ಕಾಲಾದರೂ ಗೆರೆಯ ಹೊರಗಿರಬೇಕು. ಚೆಂಡು 14.63 ಮೀಟರ್ ತ್ರಿಜ್ಯದ ಡಿ (ಗೋಲಿನ ಮುಂದೆ ಬಾಗಿದ ಗೆರೆಯ ಆವರಣ) ದಾಟಿ ಹೊರಗೆ ಹೋಗಿ ಬಂದ ಮೇಲೆಯೇ ಗೋಲಿಗೆ ಹೊಡೆತ. ಎದುರು ಗೋಲಿ ಸೇರಿ ಐದು ಜನ. ಎಲ್ಲರೂ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿನತ್ತ ಎಸೆಯುವುದು) ಮಾಡುವವನನ್ನೇ ನೋಡುತ್ತಾರೆ. ಭಾರತ ತಂಡದ ಡ್ರ್ಯಾಗ್ ಫ್ಲಿಕ್ಕರ್ ಆಗಿದ್ದ ವಿ.ಆರ್. ರಘುನಾಥ್ ಹುಟ್ಟಿದ ಜಿಲ್ಲೆಯಲ್ಲಿ ಅದು ಸಹಜ. ಆದರೆ ಕಾಲೇಜು ಮಟ್ಟದಲ್ಲಿ ಕಾರ್ನರ್ ಹಾಳಾಗುವುದು ಫ್ಲಿಕ್ಕರ್‌ನಿಂದ ಅಲ್ಲ, ಅವನಿಗಿಂತ ಮೊದಲಿನ ಇಬ್ಬರಿಂದ. ತಳ್ಳುವವನು ಮಣಿಕಟ್ಟಿನಿಂದ ಹೊಡೆದರೆ ಚೆಂಡು ಕುಣಿಯುತ್ತಾ ಬರುತ್ತದೆ, ಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ತಂದು ಎಳೆದು ಬಿಟ್ಟರೆ ನೆಲಕ್ಕಂಟಿ ಬರುತ್ತದೆ. ನಿಲ್ಲಿಸುವವನು ಪ್ರತಿ ಸಲ ಒಂದಡಿ ಆಚೀಚೆ ನಿಲ್ಲಿಸಿದರೆ ಫ್ಲಿಕ್ಕರ್‌ನ ಹೆಜ್ಜೆ ತಪ್ಪುತ್ತದೆ, ಅಷ್ಟರಲ್ಲಿ ಎದುರಿನ ಓಟಗಾರ ಮೈಮೇಲೆ ಬಂದಿರುತ್ತಾನೆ. ಹಾಗಾಗಿ ಮೊದಲ ಎರಡು ವಾರ ಫ್ಲಿಕ್ಕರ್ ಬೇಡ. ದಿನಕ್ಕೆ 30 ಸಲ ತಳ್ಳುವುದು, ನಿಲ್ಲಿಸುವುದು. ನೆಲದಲ್ಲಿ ಒಂದು ಚಪ್ಪಟೆ ಗುರುತು ಇಡಿ, 30ರಲ್ಲಿ 24 ಅದರ ಮೇಲೆ ನಿಂತ ಮೇಲೆ ಮೂರನೆಯವನನ್ನು ಕರೆಯಿರಿ.

ಮಣ್ಣಿನ ಮೈದಾನಕ್ಕೆ ಬಂದಾಗ ಇನ್ನೊಂದು ಸಿಕ್ಕು. ಕೆಸರಿನಲ್ಲಿ ಚೆಂಡನ್ನು ಎಳೆದು ಫ್ಲಿಕ್ ಮಾಡಲಾಗದು, ಹಿಟ್ಟಿಗೇ ಹೋಗಬೇಕು. ಆದರೆ ಕಾರ್ನರ್‌ನ ಮೊದಲ ಹೊಡೆತ ಹಿಟ್ ಆಗಿದ್ದರೆ ಗೋಲು ಗೆರೆ ದಾಟುವಾಗ ಚೆಂಡು 460 ಮಿ.ಮೀ.ಗಿಂತ, ಅಂದರೆ ಗೋಲಿನ ಹಿಂಬದಿ ಹಲಗೆಯ ಎತ್ತರಕ್ಕಿಂತ ಮೇಲಿರಬಾರದು. ಉಬ್ಬುತಗ್ಗಿನ ನೆಲದಲ್ಲಿ ಗುರಿಯಿಟ್ಟ ಹಿಟ್ ಪುಟಿದು ಹಲಗೆಯ ಮೇಲೆ ಬಲೆಗೆ ಬಿದ್ದರೆ ಗೋಲಿಲ್ಲ. ಹುಡುಗರು ಅಂಪೈರ್ ಜೊತೆ ವಾದಕ್ಕೆ ನಿಂತು ಕಾರ್ಡ್ ತಿನ್ನುತ್ತಾರೆ. ಅಂಥ ನೆಲದಲ್ಲಿ ನೇರ ಹಿಟ್ಟಿನ ಬದಲು ಚೆಂಡನ್ನು ಬದಿಗೆ ಸರಿಸಿ, ತಳ್ಳಿದವನೇ ಕಂಬದ ಹತ್ತಿರಕ್ಕೆ ಬಂದು ತಾಗಿಸುವ ಆಟ ಹೆಚ್ಚು ನಂಬಿಕೆಯದು. ತಡೆಯುವ ಕಡೆಯಿಂದ ನೆನಪಿಡಬೇಕಾದ್ದು: ಚೆಂಡು ಹೊರಡುವ ಮೊದಲೇ ಗೆರೆ ಬಿಟ್ಟು ಓಡಿದವನನ್ನು ಮಧ್ಯಗೆರೆಯ ಆಚೆ ಕಳಿಸುತ್ತಾರೆ, ಅವನ ಜಾಗಕ್ಕೆ ಬೇರೆಯವರು ಬರುವಂತಿಲ್ಲ. ಆತುರಕ್ಕೆ ಐದರಲ್ಲಿ ಒಬ್ಬ ಕಡಿಮೆ.

ಕೊನೆಯ ಕ್ವಾರ್ಟರ್‌ನಲ್ಲಿ ಗೋಲು ಬಿಟ್ಟುಕೊಡುವುದು ಮತ್ತೊಂದು ರೋಗ. 15 ನಿಮಿಷದ ನಾಲ್ಕು ಕ್ವಾರ್ಟರ್, ಎಷ್ಟು ಸಲ ಬೇಕಾದರೂ ಬದಲಾವಣೆಗೆ ಅವಕಾಶ. ಹಾಗಿದ್ದೂ ಪಂದ್ಯ ಬಿಗಿಯಾದರೆ ಒಳ್ಳೆಯ ಹನ್ನೊಂದು ಜನರನ್ನು ಹೊರಗೆ ತೆಗೆಯಲು ಧೈರ್ಯ ಸಾಲುವುದಿಲ್ಲ. ಇದು ದೊಡ್ಡ ತಪ್ಪು. ಫಾರ್ವರ್ಡ್‌ಗಳನ್ನು ನಾಲ್ಕೈದು ನಿಮಿಷಕ್ಕೆ, ಹಾಫ್‌ಗಳನ್ನು (ಮಧ್ಯದ ಆಟಗಾರರನ್ನು) ಆರೇಳು ನಿಮಿಷಕ್ಕೆ ಬದಲಿಸುವುದನ್ನು ಮೊದಲ ಕ್ವಾರ್ಟರ್‌ನಿಂದಲೇ ನಡೆಸಬೇಕು, ದಣಿದ ಮೇಲೆ ತೆಗೆದರೆ ಪ್ರಯೋಜನವಿಲ್ಲ. ದಣಿದವನು ಕಾಲಿನ ಬದಲು ಕೈ ಚಾಚಿ ಹಿಂದಿನಿಂದ ಸ್ಟಿಕ್ ಹಾಕುತ್ತಾನೆ. ಅದಕ್ಕೆ ಕಾರ್ಡ್ ಬೀಳುತ್ತದೆ: ಹಸಿರು ಕಾರ್ಡಿಗೆ 2 ನಿಮಿಷ, ಹಳದಿಗೆ ಕನಿಷ್ಠ 5 ನಿಮಿಷ ತಂಡ ಹತ್ತು ಜನರಲ್ಲಿ ಆಡಬೇಕು.

ಬೆಂಚಿನಲ್ಲಿ ಕೂತ ಒಬ್ಬನ ಕೈಗೆ ಕಾಗದ ಕೊಡಿ. ಪ್ರತಿ ಕ್ವಾರ್ಟರ್‌ಗೆ ಬರೆಯಬೇಕಾದ್ದು ನಾಲ್ಕೇ ಸಂಗತಿ: ಎಷ್ಟು ಸಲ ಡಿ ಒಳಗೆ ಹೋದೆವು, ಗುರಿಗೆ ಎಷ್ಟು ಹೊಡೆತ, ಎಷ್ಟು ಕಾರ್ನರ್, ನಮ್ಮ ಗೋಲಿನ ಕಡೆಯ 23 ಮೀಟರ್ ಗೆರೆಯ ಒಳಗೆ ಎಷ್ಟು ಸಲ ಚೆಂಡು ಕಳೆದುಕೊಂಡೆವು. ಹದಿನೈದು ಸಲ ಡಿ ಹೊಕ್ಕು ಸೋತ ತಂಡಕ್ಕೆ ಗಾಬರಿ ಬೇಡ, ಅದಕ್ಕೆ ಬೇಕಿರುವುದು ಮುಗಿಸುವ ಅಭ್ಯಾಸ. ನಾಲ್ಕೇ ಸಲ ಹೊಕ್ಕು ಮೂರು ಗೋಲು ಹೊಡೆದು ಗೆದ್ದ ತಂಡದ ಬಗ್ಗೆ ನನಗೆ ಹೆಚ್ಚು ಚಿಂತೆ. ಗೆದ್ದ ಖುಷಿಯಲ್ಲಿ ಆ ಕಾಗದವನ್ನು ಯಾರೂ ನೋಡುವುದಿಲ್ಲ, ಮುಂದಿನ ಪಂದ್ಯದಲ್ಲಿ ಆ ನಾಲ್ಕರಲ್ಲಿ ಒಂದೂ ಒಳಗೆ ಹೋಗದಿರಬಹುದು. ಎರಡು ಪಂದ್ಯಗಳ ನಡುವೆ ಒಂದು ವಾರವಿದ್ದರೆ ಆ ಕಾಗದದಲ್ಲಿ ಕಂಡ ಒಂದೇ ದೋಷ ಹಿಡಿದು ಕೆಲಸ ಮಾಡಿ. ನಾಲ್ಕನ್ನೂ ಒಟ್ಟಿಗೆ ತಿದ್ದಲು ಹೊರಟರೆ ಹುಡುಗರು ಮೈದಾನದಲ್ಲಿ ಆಡುವ ಬದಲು ಯೋಚನೆ ಮಾಡುತ್ತಾ ನಿಲ್ಲುತ್ತಾರೆ.

ನಾಕೌಟ್ ಹತ್ತಿರ ಬಂದಾಗ ಶೂಟೌಟ್ ಮರೆಯಬೇಡಿ, ಸಮವಾದ ಪಂದ್ಯ ತೀರ್ಮಾನವಾಗುವುದು ಅದರಲ್ಲಿ, ಒಬ್ಬ ಆಟಗಾರ ಗೋಲಿಯೊಬ್ಬನ ಎದುರು. 23 ಮೀಟರ್ ಗೆರೆಯಿಂದ ಹೊರಟು 8 ಸೆಕೆಂಡಿನೊಳಗೆ ಗೋಲು ಆಗಬೇಕು. ಅಭ್ಯಾಸದಲ್ಲಿ ಗಡಿಯಾರ ಹಿಡಿದು ಜೋರಾಗಿ ಎಣಿಸುವವರೊಬ್ಬರಿರಲಿ. ಗಡಿಯಾರವಿಲ್ಲದೆ ಅಭ್ಯಾಸ ಮಾಡಿದವರು ಗೋಲಿಯನ್ನು ಸೊಗಸಾಗಿ ದಾಟಿಸಿ, ಸೀಟಿ ಊದಿದ ಮೇಲೆ ಚೆಂಡು ಒಳಗೆ ಹಾಕುತ್ತಾರೆ. ಐವರ ಹೆಸರನ್ನು ಪಂದ್ಯಕ್ಕೆ ಮೊದಲೇ ಬರೆದಿಡಿ. ಆರನೆಯ, ಏಳನೆಯ ಹೆಸರೂ ಇರಲಿ, ಆ ಐವರಲ್ಲಿ ಒಬ್ಬನಿಗೆ ಪಂದ್ಯದಲ್ಲಿ ಕಾರ್ಡೋ ಪೆಟ್ಟೋ ಆಗಿರಬಹುದು.