ರಗಸದ ಇಂದ ದೊಡ್ಡಕಲ್ಲಸಂದ್ರದವರೆಗೆ: ಮಗಳ ಕನ್ನಡ ಓದಿನ ಟಿಪ್ಪಣಿ

ಜೂನ್

ಮಗಳು ಈ ವರ್ಷ ಎರಡನೇ ಕ್ಲಾಸು. ಇಂಗ್ಲಿಷ್ ಮೀಡಿಯಂ, ಕನ್ನಡ ಎರಡನೇ ಭಾಷೆ. ಮನೆಯಲ್ಲಿ ಮಾತೆಲ್ಲ ಕನ್ನಡವೇ. ಅ ಇಂದ ಳ ವರೆಗೆ 49 ಅಕ್ಷರಗಳನ್ನೂ ಸಾಲಾಗಿ ಹೇಳುತ್ತಾಳೆ, ದುಂಡಗೆ ಬರೆಯುತ್ತಾಳೆ. ಆದರೆ ನಡುವಿನ ಒಂದು ಅಕ್ಷರ ತೋರಿಸಿ ಕೇಳಿದರೆ ‘ಕ ಖ ಗ ಘ’ ಎಂದು ಮೊದಲಿನಿಂದ ಹಾಡಿಕೊಂಡು ಅಲ್ಲಿಗೆ ಬರಬೇಕು. ‘ಬಸವ’ ಎಂದು ಬರೆದಿಟ್ಟರೆ ಓದಲು ಬರುವುದಿಲ್ಲ. ನಮ್ಮ ಬೀದಿಯ ಬೇರೆ ಮಕ್ಕಳೂ ಹೆಚ್ಚುಕಮ್ಮಿ ಹೀಗೇ.

ಮುಂದಿನ ಬೇಸಿಗೆ ರಜೆಯ ಹೊತ್ತಿಗೆ ಅವಳು ಒಂದು ಕಥೆ ಪುಸ್ತಕವನ್ನು ತಾನೇ ಓದಬೇಕು. ಇಷ್ಟೇ ಗುರಿ. ರಾತ್ರಿ ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಕೂರುವುದು, ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಬರೆಯುವುದಂತೂ ಸ್ಕೂಲಿನಲ್ಲಿ ಆಗುತ್ತಲೇ ಇದೆ.

ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನಾದಿನಿಗೆ ಫೋನ್ ಮಾಡಿದೆ. “ಅತ್ತಿಗೆ, ಅ ಆ ಇ ಈ ಈಗ ಮರೆತುಬಿಡಿ. ರಗಸದಅ ಇಂದ ಶುರು ಮಾಡಿ” ಅಂದಳು. ಇದು ಸರ್ಕಾರಿ ಶಾಲೆಗಳ ಚಿಕ್ಕ ಕ್ಲಾಸುಗಳಲ್ಲಿ ನಡೆಯುವ ನಲಿ-ಕಲಿ ಎಂಬ ಪದ್ಧತಿಯ ದಾರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಗಿದ್ದು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳು ಅಲ್ಲಿಯ ಕಾರ್ಡುಗಳನ್ನೂ ಹಂತ ಹಂತವಾಗಿ ಕಲಿಯುವ ಮೆಟ್ಟಿಲುಗಳನ್ನೂ ಕನ್ನಡಕ್ಕೆ ಹೊಂದಿಸಿದರು. ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಆಕಾರ ಹೋಲುವಂಥವು, ಜೋಡಿಸಿದರೆ ಪದ ಆಗುವಂಥವು ಮೊದಲು ಬರುತ್ತವೆ. ಮೊದಲ ಗುಂಪು ರ ಗ ಸ ದ ಅ. ಎರಡನೆಯದು ಜ ವ ಮ ಬ ನ. ಮೂರನೆಯದು ಪ ಯ ಉ ಡ ಟ ಚ.

ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. “ಅ ಬಿಟ್ಟು ರ ಇಂದ ಯಾರಾದ್ರೂ ಶುರು ಮಾಡ್ತಾರೇನಮ್ಮ?” ಅಂದರು. ಆದರೂ ರಟ್ಟು ಕತ್ತರಿಸಿ ಕಾರ್ಡು ಮಾಡಿಕೊಟ್ಟವರು ಅವರೇ.

ಐದೇ ಅಕ್ಷರಕ್ಕೆ ಎಷ್ಟು ಪದ ಸಿಗುತ್ತವೆ ನೋಡಿ: ಸರ, ದರ, ಅರಸ, ಅಗಸ, ಗರಗಸ. ಗರಗಸ ಅವಳಿಗೆ ಭಾರಿ ಇಷ್ಟವಾಯಿತು. ನಾಲ್ಕು ಅಕ್ಷರದ ಪದ, ಅದಕ್ಕೆ ನಮ್ಮ ಹತ್ತಿರ ಇದ್ದಿದ್ದು ಮೂರೇ ಕಾರ್ಡು. ಗ ಎರಡು ಸಲ ಬೇಕು ಅಂತ ಅವಳೇ ಕಂಡುಹಿಡಿದು ಇನ್ನೊಂದು ಗ ಮಾಡಿಸಿಕೊಂಡಳು.

ಜುಲೈ

ಎರಡನೇ ಗುಂಪು ಬಂದ ಮೇಲೆ ಪದಗಳ ಸುಗ್ಗಿ. ಮರ, ಜನ, ವನ, ದನ, ಮಗ, ನಗರ, ಗಮನ. ವ ಮತ್ತು ಮ ಒಂದರ ಪಕ್ಕ ಒಂದಿಟ್ಟು ಎಲ್ಲಿ ಬೇರೆ ಅಂತ ಹುಡುಕಿಸಿದೆ. ಬಲಗಡೆಯ ಆ ಒಂದು ಸುತ್ತು ಅವಳ ಕಣ್ಣಿಗೆ ಬಿದ್ದ ಮೇಲೆ ಮತ್ತೆ ಕೇಳಬೇಕಾಗಲಿಲ್ಲ.

ಒಂದು ತೊಂದರೆ. ಬರೀ ಪದ ಓದಿ ಓದಿ ಬೇಜಾರು ಬರುತ್ತದೆ. ವಾಕ್ಯ ಬೇಕು, ವಾಕ್ಯಕ್ಕೆ ಕ್ರಿಯಾಪದ ಬೇಕು, ಕಾಗುಣಿತ ಇಲ್ಲದೆ ಕನ್ನಡದಲ್ಲಿ ಕ್ರಿಯಾಪದ ಸಿಗುವುದು ಕಷ್ಟ. ‘ಅರಸನ ಮಗ’ ಅಂತ ಬರೆಯಬಹುದು. ಅವನು ಏನು ಮಾಡಿದ ಅಂತ ಹೇಳಲು ಆಗುವುದಿಲ್ಲ! ಹಾಗಾಗಿ ಸೊನ್ನೆಯನ್ನು ಮುಂದಕ್ಕೆ ತಂದೆ. ಸೊನ್ನೆ ಬಂದರೆ ‘ಬಂದ’ ಬರುತ್ತದೆ, ‘ಅಂದ’ ಬರುತ್ತದೆ. ‘ಅರಸನ ಮಗ ಬಂದ.’ ಅವಳು ಓದಿದ ಮೊದಲ ಪೂರ್ತಿ ವಾಕ್ಯ ಇದು. “ಬಂದು ಏನ್ ಮಾಡ್ದ?” ಅಂತ ತಕ್ಷಣ ಕೇಳಿದಳು. ಅದಕ್ಕೆ ಉತ್ತರ ಬರೆಯುವಷ್ಟು ಅಕ್ಷರ ಇನ್ನೂ ನಮ್ಮ ಹತ್ತಿರ ಇರಲಿಲ್ಲ.

ಮೂರನೇ ಗುಂಪಿನ ಯ ಕಲಿತ ವಾರ ಜಯನಗರದ ನಾಲ್ಕನೇ ಬ್ಲಾಕಿಗೆ ಹೋಗಲು ಬೆಂಗಳೂರಿನ ಮೆಟ್ರೋ ಹತ್ತಿದೆವು. ನಮ್ಮ ಮನೆ ಯಲಚೇನಹಳ್ಳಿ ಕಡೆ, ಹಸಿರು ಮಾರ್ಗ. ಜ ಯ ನ ಗ ರ. ಕಾಗುಣಿತ ಇಲ್ಲ, ಒತ್ತು ಇಲ್ಲ, ಐದೂ ಗೊತ್ತಿರುವ ಅಕ್ಷರ. ಬೋರ್ಡು ಓದಿ ಪ್ಲಾಟ್‌ಫಾರ್ಮಿನಲ್ಲೇ ಕುಣಿದಳು.

ಆಮೇಲೆ ಹೊಳೆಯಿತು, ಮೆಟ್ರೋ ನಿಜಕ್ಕೂ ಒಳ್ಳೆಯ ಓದಿನ ಪುಸ್ತಕ. ಅಕ್ಷರ ದೊಡ್ಡದು, ಅಚ್ಚುಕಟ್ಟು. ಹೆಸರನ್ನು ಮೊದಲು ಧ್ವನಿಯಲ್ಲಿ ಹೇಳುತ್ತಾರೆ, ಆಮೇಲೆ ಬೋರ್ಡು ಕಾಣುತ್ತದೆ. ಕೇಳಿದ್ದಕ್ಕೆ ಅಕ್ಷರ ಹೊಂದಿಸುವ ಅಭ್ಯಾಸ ತಾನಾಗಿ ಆಗುತ್ತದೆ. ಓದದೆ ನೆನಪಿನಿಂದ ಹೇಳುವ ಅಪಾಯವೂ ಇದೆ. ಅದಕ್ಕೆ ಕಿವಿ ಮುಚ್ಚಿಕೊಂಡು ಓದುವ ಆಟ ಮಾಡಿದೆವು. ಎದುರು ಸೀಟಿನ ಅಜ್ಜ ಒಬ್ಬರು ಹುಡುಗಿಗೆ ಕಿವಿನೋವಾ ಅಂತ ಕೇಳಿದರು.

ಆಗಸ್ಟ್, ಸೆಪ್ಟೆಂಬರ್

ಕಾಗುಣಿತ. ನಿಜವಾದ ಬೆಟ್ಟ ಇದೇ.

ಸ್ಕೂಲಿನಲ್ಲಿ ಕ ಕಾ ಕಿ ಕೀ ಎಂದು ಸಾಲು ಸಾಲಾಗಿ ಬರೆಸುತ್ತಾರೆ. ಅದೂ ಅವಳಿಗೆ ಹಾಡಾಗಿಬಿಟ್ಟಿತ್ತು. ‘ಕೆ’ ಬೇಕಾದರೆ ಕ ಇಂದ ಹೊರಟು ಎಣಿಸಿಕೊಂಡು ಬರುತ್ತಿದ್ದಳು. ನಾನು ಸಾಲನ್ನು ಮುರಿದು, ಗುರುತುಗಳನ್ನು ಒಂದೊಂದಾಗಿ ತಂದೆ.

ಮೊದಲು ತಲೆಕಟ್ಟು ಅಂದರೆ ಏನು ಅಂತ ತೋರಿಸಿದೆ. ಅ ಕಾರದ ಗುರುತು ಅದು. ಅದನ್ನು ತೆಗೆದು ಆ ಜಾಗದಲ್ಲಿ ಇಳಿ ಹಾಕಿದರೆ ರಾ, ಗುಡಿಸು ಹಾಕಿದರೆ ರಿ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಿನಲ್ಲಿ ಬರೆಸಿದ್ದು ಇಲ್ಲಿ ಬಹಳ ಉಪಯೋಗಕ್ಕೆ ಬಂತು. ತಲೆಕಟ್ಟನ್ನು ಒರೆಸಿ ಅಲ್ಲೇ ಗುಡಿಸು ಎಳೆಯಬಹುದು. ಪೆನ್ಸಿಲ್ಲು ಪುಸ್ತಕದಲ್ಲಿ ಈ ‘ತೆಗೆದು ಹಾಕುವುದು’ ಕಣ್ಣಿಗೆ ಕಾಣುವುದಿಲ್ಲ. “ಬ, ಜ, ಲ, ಟ, ಣ ಗೆ ತಲೆಕಟ್ಟೇ ಇಲ್ವಲ್ಲಾ ಅಮ್ಮ?” ಅಂದಳು. ಹೌದು, ಇಲ್ಲ. ಅವುಗಳಿಗೆ ‘ಬೋಳು ತಲೆ ಅಕ್ಷರ’ ಅಂತ ಹೆಸರಿಟ್ಟಿದ್ದಾಳೆ.

ಗುರುತುಗಳನ್ನು ತಂದ ಕ್ರಮ ಹೀಗೆ: ಇಳಿ, ಗುಡಿಸು, ಕೊಂಬು, ಎತ್ವ. ಆಮೇಲೆ ದೀರ್ಘ. ಕಿ ಪಕ್ಕ ಆ ಗುರುತು ಬಂದರೆ ಕೀ, ಕೆ ಪಕ್ಕ ಬಂದರೆ ಕೇ, ಕೊ ಪಕ್ಕ ಬಂದರೆ ಕೋ. ಮೂರೂ ಕಡೆ ಅದೇ ಗುರುತು. ಹಾಗೇ ಕೊ ಅನ್ನು ಬಿಡಿಸಿ ನೋಡಿದರೆ ಎತ್ವದ ತಲೆ, ಕೊಂಬಿನ ದೀರ್ಘದ ಬಾಲ. ಹದಿನೈದು ರೂಪ ಬಾಯಿಪಾಠ ಮಾಡುವ ಬದಲು ಐದಾರು ತುಂಡು ಗೊತ್ತಿದ್ದರೆ ಮಿಕ್ಕಿದ್ದನ್ನು ಜೋಡಿಸಿಕೊಳ್ಳಬಹುದು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಗುರುತುಗಳನ್ನು ಬರೆದು ಅಕ್ಷರದ ಕಾರ್ಡಿನ ಮೇಲೆ ಇಟ್ಟು ಆಡಿದೆವು. ಇಡೀ ಪ್ರಾಜೆಕ್ಟಿನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ಸಾಮಾನು ಇದು. ಖರ್ಚು ಹೆಚ್ಚುಕಮ್ಮಿ ಏನೂ ಇಲ್ಲ.

ಹ್ರಸ್ವ ದೀರ್ಘಕ್ಕೆ ಜೋಡಿ ಪದಗಳು: ಬೆಳೆ–ಬೇಳೆ, ಬಿಡು–ಬೀಡು, ಕೊಡು–ಕೋಡು. ಒಂದು ದಿನ ಕೆರೆಯನ್ನು ಕೇರೆ ಅಂತ ಓದಿ “ಕೇರೆಯಲ್ಲಿ ನೀರು ತುಂಬಿತ್ತು” ಅಂದಳು. ಅತ್ತೆ ಬಿದ್ದು ಬಿದ್ದು ನಕ್ಕರು. ಕೇರೆ ಅಂದರೆ ಹಾವು ಕಣೇ ಅಂತ ಗೊತ್ತಾದ ಮೇಲೆ ಆ ಜೋಡಿ ಮರೆಯಲೇ ಇಲ್ಲ.

ಕೈಕೊಟ್ಟಿದ್ದು ವು ಮತ್ತು ಪು. ಉಳಿದ ಬಹುತೇಕ ಅಕ್ಷರಗಳಿಗೆ ಕೊಂಬು ಬಲಗಡೆ ಬರುತ್ತದೆ. ಇವಕ್ಕೆ ಕೆಳಗೆ ಸೇರುತ್ತದೆ. ಪಕ್ಕಕ್ಕೆ ಹಾಕಿದರೆ ವ ಹೋಗಿ ಮ ಆಗಿಬಿಡುತ್ತದಲ್ಲ! ಜುಲೈನಲ್ಲಿ ಕಂಡ ಆ ಸುತ್ತನ್ನೇ ನೆನಪು ಮಾಡಿಸಿದೆ. ಹಾವು, ಹೂವು, ಮಾವು, ಪುಟ, ಪುರಿ ಅಂತ ಒಂದು ಬೇರೆ ಕಾರ್ಡು ಮಾಡಿ ಗೋಡೆಗೆ ಅಂಟಿಸಿದ್ದೇನೆ.

ದಸರಾ ರಜೆ

ಈ ಸಲದ್ದೇ ಮುಖ್ಯ ಬದಲಾವಣೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಗುಣಿತ ಕೈಗೆ ಸಿಕ್ಕ ಮೇಲೆ ಕಥೆ ಓದಿಸೋಣ ಅಂತ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣ ತೆರೆದೆ. ಕನ್ನಡದಲ್ಲಿ ಬೇಕಾದಷ್ಟು ಕಥೆಗಳಿವೆ, ದುಡ್ಡು ಕೊಡಬೇಕಾಗಿಲ್ಲ, ಹಂತ 1ರಿಂದ 4ರವರೆಗೆ ವಿಂಗಡಿಸಿದ್ದಾರೆ. ಹಂತ 1 ತೆಗೆದರೆ ಮೊದಲ ಪುಟಗಳಲ್ಲೇ ಅಮ್ಮ, ಅಜ್ಜಿ, ಬೆಕ್ಕು. ಎಲ್ಲ ಒತ್ತಕ್ಷರ! ಬರೆದವರ ತಪ್ಪಲ್ಲ. ಒತ್ತಕ್ಷರ ಬಿಟ್ಟು ಮಕ್ಕಳ ಕಥೆಯನ್ನು ಕನ್ನಡದಲ್ಲಿ ಬರೆಯುವುದಾದರೂ ಹೇಗೆ? ಅಪ್ಪ, ಅಮ್ಮ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಮಗುವಿಗೆ ತೀರಾ ಹತ್ತಿರದವರೆಲ್ಲ ಒತ್ತಕ್ಷರದವರೇ. ಮನೆಯಲ್ಲಿ ನೋಡಿದರೆ ಅಕ್ಕಿ, ಬೆಲ್ಲ, ಉಪ್ಪು, ಬೆಣ್ಣೆ, ಮೊಟ್ಟೆ. ಆದರೆ ಪಾಠದಲ್ಲಿ ಒತ್ತಕ್ಷರದ ಸರದಿ ಬರುವುದು ಕಾಗುಣಿತ ಪೂರ್ತಿ ಮುಗಿದ ಮೇಲೆ, ಕೊನೆಗೆ. ಅಲ್ಲಿಯವರೆಗೆ ಮಗು ಅಮ್ಮ ಅಂತ ಓದದೆ ‘ಔಷಧ’ ಅಂತ ಓದಬೇಕು. ನನಗಂತೂ ಇದು ತಲೆಕೆಳಗು ಅನ್ನಿಸುತ್ತದೆ.

ಇನ್ನೊಂದು ತಮಾಷೆ. ವಿಜಯದಶಮಿಯ ದಿನ ಇವಳಿಗೆ ಅಕ್ಷರಾಭ್ಯಾಸ ಮಾಡಿಸಿದಾಗ ಅಕ್ಕಿಯಲ್ಲಿ ಬರೆಸಿದ್ದು ‘ಶ್ರೀ’. ಒತ್ತು, ಗುಡಿಸು, ದೀರ್ಘ ಎಲ್ಲ ಒಂದರಲ್ಲೇ! ಅತ್ತೆಗೆ ಇದನ್ನು ಹೇಳಿದೆ. “ನೋಡ್ದಾ, ನಾವು ಕಷ್ಟದ್ದೇ ಮೊದಲು ಮಾಡಿಸಿದ್ವಿ” ಅಂದರು.

ರಜೆಯಲ್ಲಿ ದೊಡ್ಡ ಹಾಳೆಯ ಮೇಲೆ ನೆಂಟರ ಮರ ಬರೆದೆವು. ಪ್ರತಿಯೊಬ್ಬರ ಕೆಳಗೆ ಅವಳು ಕರೆಯುವ ಹೆಸರು. ಮೊದಲು ಸಜಾತಿ ಒತ್ತು ಮಾತ್ರ, ಅಂದರೆ ಅದೇ ಅಕ್ಷರಕ್ಕೆ ಅದೇ ಒತ್ತು. ಅಪ್ಪ, ಅಕ್ಕ, ಅಜ್ಜ, ಅಣ್ಣ ಇವುಗಳಲ್ಲಿ ತಲೆಕಟ್ಟು ಬಿಟ್ಟ ಅದೇ ಅಕ್ಷರ ಪುಟ್ಟದಾಗಿ ಕೆಳಗೆ ಕೂರುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಆಕಾರ ಬದಲಾಯಿಸುವ ಒತ್ತುಗಳು ತ, ನ, ಮ, ಯ, ರ, ಲ. ಆರಕ್ಕೂ ಮನೆಯ ಪದಗಳೇ ಸಿಗುತ್ತವಾ ಅಂತ ಹುಡುಕಿದೆವು. ಅತ್ತೆ, ಅನ್ನ, ಅಮ್ಮ, ಅಯ್ಯೋ, ಬೆಲ್ಲ. ರ ಒತ್ತಿಗೆ ಮಾತ್ರ ಹಾಗೆ ಸಿಗಲಿಲ್ಲ, ಚಕ್ರ ಬರೆದೆವು.

ಇದಾದ ಮೇಲೆ ಓದು ಓಡತೊಡಗಿತು. ಗುರುತು ಕೆಲವು ಬಾಕಿ ಇದ್ದವು, ಆದರೂ ಪುಟದ ಬಹುಪಾಲು ಓದಲು ಬರುತ್ತಿತ್ತು. ಗೊತ್ತಿಲ್ಲದ್ದನ್ನು ಅರ್ಥದಿಂದ ಊಹಿಸತೊಡಗಿದಳು. ಇನ್ನೊಂದು ಮಗುವಿಗೆ ಕಲಿಸುವುದಾದರೆ ಸೊನ್ನೆ ಆದ ಕೂಡಲೇ ಅಮ್ಮ, ಅಪ್ಪ, ಅಕ್ಕ ತರುತ್ತೇನೆ. ಔತ್ವ, ಋ, ವಿಸರ್ಗಕ್ಕೆ ಏನೂ ಅವಸರ ಇಲ್ಲ. ಹತ್ತು ಮಹಾಪ್ರಾಣ ಅಕ್ಷರಗಳಿಗೂ ಅಷ್ಟೇ. ಙ ಮತ್ತು ಞ ಅನ್ನು ಅವಳು ಸ್ಕೂಲಿನ ವರ್ಣಮಾಲೆಯ ಹಾಡಿನಲ್ಲಿ ಹೇಳಿಕೊಳ್ಳಲಿ, ಸಾಕು.

ನವೆಂಬರ್

ಬರವಣಿಗೆ. ಕಾಪಿ ಬರೆಸುವುದು ನಮ್ಮ ಮನೆಯಲ್ಲಿ ಇಲ್ಲ. ಅಂಗಡಿ ಚೀಟಿ ಬರೆಯುವುದು ಅವಳ ಕೆಲಸ. ‘ಅಕಿ’, ‘ಬೆಲ’, ‘ಕೊತಂಬರಿ’ ಅಂತ ಬರುತ್ತಿತ್ತು. ಕೆಂಪು ಗೆರೆ ಎಳೆಯದೆ, ಅವಳು ಬರೆದಿದ್ದನ್ನು ಬರೆದಂತೆಯೇ ಓದಿ ಹೇಳುತ್ತಿದ್ದೆ. “ಒಂದು ಕೆಜಿ ಅಕಿ ತರಬೇಕಾ?” ಕೇಳಿದ ಕೂಡಲೇ ಒತ್ತು ಹಾಕುತ್ತಾಳೆ. ಒತ್ತು ಬಿಟ್ಟರೆ ಕಿವಿಗೆ ಗೊತ್ತಾಗುತ್ತದೆ. ಅದಕ್ಕೆ ಈ ಉಪಾಯ ನಡೆಯುತ್ತದೆ. ಶ, ಷ, ಸ ಕಿವಿಗೆ ಗೊತ್ತಾಗುವುದಿಲ್ಲ, ನಮ್ಮ ಮಾತಿನಲ್ಲಿ ಅಷ್ಟು ವ್ಯತ್ಯಾಸ ಇಲ್ಲ. ಅವು ಓದಿ ಓದಿಯೇ ಕೂರಬೇಕು.

ಪುಸ್ತಕದ ಭಾಷೆಯ ಬಗ್ಗೆ ತಕರಾರು ಶುರುವಾಗಿದೆ. ‘ನಾನು ಹೋಗುತ್ತೇನೆ’ ಅಂತ ಓದಿ “ಹೀಗೆ ಯಾರಮ್ಮ ಮಾತಾಡ್ತಾರೆ?” ಅಂದಳು. ನ್ಯಾಯವೇ. ಅವಳು ಹೇಳಿದ ಕಥೆಯನ್ನು ಅವಳ ಮಾತಿನಲ್ಲೇ ‘ಹೋಗ್ತೀನಿ’ ಅಂತ ಬರೆದುಕೊಂಡು, ಮರುದಿನ ಅವಳಿಂದಲೇ ಓದಿಸಿದೆ. ಸರಾಗ ಓದಿದಳು. ಎರಡೂ ಬಗೆ ಪಕ್ಕಪಕ್ಕ ಇಟ್ಟು ಓದುವುದು ಈಗ ನಡೆಯುತ್ತಿದೆ. ಕಥೆಯಲ್ಲಿ ರಾಜ ‘ಹೋಗುತ್ತೇನೆ’ ಅನ್ನುತ್ತಾನೆ, ನಾಯಿ ‘ಹೋಗ್ತೀನಿ’ ಅನ್ನುತ್ತದೆ. ಈ ವಿಂಗಡಣೆ ಅವಳದ್ದೇ.

ಜನವರಿ

ಅರ್ಕಾವತ್ತು ಬಂತು. ಓದುವಾಗ ರ್ ಮೊದಲು, ಬರೆಯುವಾಗ ಕೊನೆಗೆ. ಸೂರ್ಯ, ಸರ್ಕಲ್, ಶರ್ಟು. ‘ಸೂಯರ್’ ಅಂತ ಕೆಲವು ದಿನ ಓದಿದಳು. ಬೇಕರಿ, ಅಂಗಡಿ ಬೋರ್ಡುಗಳಲ್ಲಿ ಹುಡುಕಿಸಿದ ಮೇಲೆ ಸರಿಹೋಯಿತು. ಅಂದಹಾಗೆ ಅಂಗಡಿ ಬೋರ್ಡುಗಳನ್ನು ಪೂರ್ತಿ ನಂಬಬೇಡಿ. ಒತ್ತು, ದೀರ್ಘ ಎರಡನ್ನೂ ನುಂಗಿದ ಬೋರ್ಡುಗಳು ಬೇಕಾದಷ್ಟಿವೆ. ಈಗ ಅವಳು ತಪ್ಪು ಹುಡುಕಿ ನನಗೆ ತೋರಿಸುತ್ತಾಳೆ, ಅದು ಬೇರೆ ಮಾತು.

ಹಸಿರು ಮಾರ್ಗದಲ್ಲಿ ನಾವು ಎಲ್ಲಿದ್ದೇವೆ? ಬನಶಂಕರಿ, ಯಲಚೇನಹಳ್ಳಿ ಸಲೀಸು. ತಲಘಟ್ಟಪುರದಲ್ಲಿ ದೊಡ್ಡಮ್ಮನ ಮನೆ ಇರುವುದರಿಂದ ದಾರಿಯ ದೊಡ್ಡಕಲ್ಲಸಂದ್ರ ಸಿಗುತ್ತದೆ. ಡ್ಡ, ಲ್ಲ, ಸೊನ್ನೆ, ದ್ರ, ಎಲ್ಲ ಒಂದೇ ಹೆಸರಿನಲ್ಲಿ. ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ನಿಲ್ಲಿಸಿ ನಿಲ್ಲಿಸಿ, ಯಾರ ಸಹಾಯವೂ ಇಲ್ಲದೆ ಓದಿದಳು. ರಾಷ್ಟ್ರೀಯ ವಿದ್ಯಾಲಯ ರಸ್ತೆ ಇನ್ನೂ ಆಗಿಲ್ಲ. ಷ ಕೆಳಗೆ ಟ, ಅದರ ಜೊತೆಗೆ ರ, ಮೇಲೆ ದೀರ್ಘ. ಅಲ್ಲಿ ರೈಲು ನಿಲ್ಲುವಷ್ಟು ಹೊತ್ತು ಅವಳಿಗೆ ಸಾಲುವುದಿಲ್ಲ.

ಪುಸ್ತಕದ ವಿಷಯಕ್ಕೆ ಬಂದರೆ, ಹಂತ 1 ಒಬ್ಬಳೇ ಓದುತ್ತಾಳೆ. ಹಂತ 2 ಒಂದು ಪುಟ ಅವಳು, ಒಂದು ಪುಟ ನಾನು. ವೇಗ ಕಡಿಮೆಯೇ. ಉದ್ದದ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಶುರು ಮರೆತಿರುತ್ತದೆ. ಅದಕ್ಕೆ ಹೊಸದು ಕೊಡುವ ಬದಲು ಓದಿದ್ದನ್ನೇ ಮತ್ತೆ ಓದಿಸುತ್ತಿದ್ದೇನೆ, ಕೇಳುವವರನ್ನು ಬದಲಾಯಿಸಿ. ಸೋಮವಾರ ಅಜ್ಜಿಗೆ, ಮಂಗಳವಾರ ಅಪ್ಪನಿಗೆ, ಭಾನುವಾರ ಫೋನಿನಲ್ಲಿ ನಾದಿನಿಗೆ.

ಬೇಸಿಗೆಯವರೆಗೆ ಬಾಕಿ: ಎರಡು ಒತ್ತು ಸೇರಿದ ಅಕ್ಷರಗಳು, ಮಹಾಪ್ರಾಣಗಳ ಬರವಣಿಗೆ, ಔತ್ವ, ಮತ್ತೆ ಊರಿನ ಅಜ್ಜನಿಗೆ ಒಂದು ಕಾಗದ. ಒಂದು ಪುಟಕ್ಕೆ ಎರಡು ಮೂರು ಸಾಲು, ದೊಡ್ಡ ಅಕ್ಷರ, ಪಾತ್ರಗಳು ಮಾತಿನ ಕನ್ನಡದಲ್ಲೇ ಮಾತಾಡುವ ಪುಸ್ತಕಗಳು ನಿಮಗೆ ಗೊತ್ತಿದ್ದರೆ ಹೇಳಿ. ನಾಯಿ ಇದ್ದರೆ ಇನ್ನೂ ಒಳ್ಳೆಯದು.