ವಾಪಸ್ ಬಾಡಿಗೆ

2025ರ ಜುಲೈ. ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಆಟೋ ಕಾಂಪ್ಲೆಕ್ಸ್ ಹತ್ತಿರ ಗಾಡಿ ನಿಲ್ಲಿಸಿಕೊಂಡು ಚಹಾ ಕುಡಿಯುತ್ತಾ ಕೂತಿದ್ದೆ. ಆರು ದಿನದಿಂದ ಬಾಡಿಗೆ ಇರಲಿಲ್ಲ. ನನ್ನದು ಒಂದೇ ಕಾರು ಹೊರುವ ಕ್ಯಾರಿಯರ್. ಹಳೇ ಟಾಟಾ 407 ಲಾರಿಯ ಚಾಸಿ, ಅದರ ಮೇಲೆ ಕಬ್ಬಿಣದ ಹಾಸು, ಹೈಡ್ರಾಲಿಕ್, ಮುಂದುಗಡೆ ಕಾರನ್ನು ಮೇಲಕ್ಕೆ ಎಳೆಯುವ ಒಂದು ವಿಂಚ್. ಹನ್ನೊಂದು ವರ್ಷ ಬೇರೆಯವರ ಲಾರಿ ಓಡಿಸಿ, ಹೆಂಡತಿಯ ಬಳೆ ಅಡವಿಟ್ಟು, ಸಾಲ ಮಾಡಿ ತೆಗೆದುಕೊಂಡ ಗಾಡಿ. ಪ್ರತಿ ತಿಂಗಳು ಹತ್ತನೇ ತಾರೀಕು ಕಂತು. ಗಾಡಿ ಓಡಲಿ, ನಿಲ್ಲಲಿ, ಹತ್ತನೇ ತಾರೀಕು ಬಂದೇ ಬರುತ್ತದೆ.

ಎಂಟು ಗಂಟೆ ಹೊತ್ತಿಗೆ ಬೆಂಗಳೂರಿನ ಬ್ರೋಕರ್ ಒಬ್ಬರ ಫೋನ್ ಬಂತು. ಶಿವಮೊಗ್ಗದಿಂದ ಬೆಂಗಳೂರಿಗೆ ಒಂದು ಕಾರು, 11,000 ರೂಪಾಯಿ. ಆರು ದಿನ ಸುಮ್ನೆ ಕೂತವನಿಗೆ ಅದು ದೊಡ್ಡ ಮೊತ್ತವೇ. ಮೊದಲೆಲ್ಲಾ ನಾನು ಮೊತ್ತ ಕೇಳಿದ ತಕ್ಷಣ ಹೂಂ ಅಂದುಬಿಡುತ್ತಿದ್ದೆ. ಆಮೇಲೆ ತಿಂಗಳ ಕೊನೆಯಲ್ಲಿ, ಇಷ್ಟು ಓಡಿದರೂ ಕೈಯಲ್ಲಿ ಏನೂ ಇಲ್ಲವಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದೆ. ಈಗ ಮೊದಲು ಲೆಕ್ಕದ ಪುಸ್ತಕ ತೆಗೆಯುತ್ತೇನೆ.

ಬೆಂಗಳೂರಿಗೆ ಹೋಗಿ ಬರಲು 600 ಕಿಲೋಮೀಟರ್. ಬಿ.ಎಚ್. ರಸ್ತೆಯಲ್ಲಿ ನನ್ನ ಗಾಡಿ ಲೀಟರಿಗೆ 8 ಕೊಡುತ್ತದೆ. ಅಂದರೆ 75 ಲೀಟರ್. ಆ ವರ್ಷ ಏಪ್ರಿಲ್ 1ರಿಂದ ರಾಜ್ಯದ ಮಾರಾಟ ತೆರಿಗೆ ಶೇ. 18.44ರಿಂದ 21.17ಕ್ಕೆ ಏರಿ, ಡೀಸೆಲ್ ಲೀಟರಿಗೆ 91 ರೂಪಾಯಿ ದಾಟಿತ್ತು. ಡೀಸೆಲ್ಲಿಗೇ 6,850 ಹೋಯಿತು. ಟೋಲ್, ಊಟ, ಜೊತೆಗಿರುವ ಕ್ಲೀನರ್ ಹುಡುಗನ ಬಾಟಾ (ದಿನಭತ್ಯೆ) ಸೇರಿ ಇನ್ನೊಂದು 2,000. ಉಳಿಯುವುದು 2,150. ಅದೂ ಬ್ರೋಕರ್ ದುಡ್ಡು ಕೊಡುವುದು 45 ದಿನ ಬಿಟ್ಟು. ಇದೇ ತರಹದ ಬ್ರೋಕರ್ ಒಬ್ಬರು ಹಿಂದೆ ಮೂರು ಬಾಡಿಗೆಯ ದುಡ್ಡು ಉಳಿಸಿಕೊಂಡು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಆ ನೋವು ಇನ್ನೂ ಹೋಗಿಲ್ಲ. ಟೈರ್ ಸವೆದದ್ದು ನಂದು, ನಿದ್ದೆಗೆಟ್ಟದ್ದು ನಾನು.

"ಅರ್ಧ ಗಂಟೆ ಟೈಮ್ ಕೊಡಿ ಸರ್" ಅಂದೆ.

ಅಷ್ಟರಲ್ಲಿ ತೀರ್ಥಹಳ್ಳಿಯ ನನ್ನ ಮೆಕ್ಯಾನಿಕ್ ಗೆಳೆಯನ ಫೋನ್. "ಮಾರಾಯ, ಆಗುಂಬೆ ರಸ್ತೇಲಿ ಗುಡ್ಡೇಕೇರಿ ಹತ್ರ ಒಂದು ಕಾರು ನಿಂತಿದೆ. ಆಟೋಮ್ಯಾಟಿಕ್. ರಸ್ತೆ ಮೇಲಿನ ನೀರಿಗೆ ಇಳಿಸಿದಾರೆ. ಉಡುಪಿಗೆ ಹೋಗ್ಬೇಕಂತೆ, ಅಲ್ಲೇ ಅವರ ಸರ್ವಿಸ್ ಸೆಂಟರ್. ಬರ್ತೀಯಾ?"

ನಾನು ಮೊದಲು ಹೇಳಿದ ಮಾತು ಬಾಡಿಗೆಯದ್ದಲ್ಲ. "ಮತ್ತೆ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳು" ಅಂದೆ. ಇದನ್ನು ಮಲೆನಾಡಿಗೆ ಮಳೆಗಾಲದಲ್ಲಿ ಬರುವ ಎಲ್ಲರಿಗೂ ಹೇಳಬೇಕು. ಇಂಜಿನ್ ಒಳಗೆ ನೀರು ಹೋದರೆ ಪಿಸ್ಟನ್ ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಲು ಆಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಕೆಲವು ಸಾವಿರದಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಹೋಗುತ್ತದೆ. ಆಟೋಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವುದೂ ತಪ್ಪು. ಇಂಜಿನ್ ನಿಂತಿದ್ದರೆ ಗೇರ್ ಬಾಕ್ಸಿನ ಎಣ್ಣೆ ಪಂಪ್ ತಿರುಗುವುದಿಲ್ಲ, ಒಳಗಿನದ್ದೆಲ್ಲ ಒಣಗಿ ಸವೆಯುತ್ತದೆ. ಅಂಥ ಗಾಡಿ ಹಾಸಿನ ಮೇಲೇ ಬರಬೇಕು.

ಆಮೇಲೆ ಕಾರಿನವರ ಹತ್ತಿರ ನೇರ ಮಾತಾಡಿದೆ. 8,500 ಅಂದೆ.

"ಎಂತ ಮಾರಾಯ್ರೆ, ಇಲ್ಲಿಂದ ಉಡುಪಿಗೆ ಎಪ್ಪತ್ತು ಕಿಲೋಮೀಟರ್ ಅಲ್ವಾ?"

ಅವರು ಹೇಳಿದ್ದು ಸರಿ, ಆಗುಂಬೆ ಘಾಟಿ ಇಳಿದರೆ ಅಷ್ಟೇ. ಆದರೆ ಆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಮಳೆಗಾಲಕ್ಕೆ ದೊಡ್ಡ ಗಾಡಿಗಳನ್ನು ಬಿಡುವುದಿಲ್ಲ. ಬಿಟ್ಟರೂ ಮೇಲೆ ಕಾರು ಹೇರಿಕೊಂಡು ಅಲ್ಲಿ ತಿರುಗಿಸುವ ಧೈರ್ಯ ನಾನು ಮಾಡುವುದಿಲ್ಲ. "ತೀರ್ಥಹಳ್ಳಿಗೆ ವಾಪಸ್ ಬಂದು, ಮಾಸ್ತಿಕಟ್ಟೆ, ಹುಲಿಕಲ್ ಘಾಟಿ, ಕುಂದಾಪುರ ಸುತ್ತಿ ಹೋಗ್ಬೇಕು ಸರ್. ನಿಮ್ಮ ಕಾರು ಹತ್ತಿದ ಮೇಲೆ ನೂರ ನಲವತ್ತು ಆಗುತ್ತೆ" ಅಂತ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಬನ್ನಿ" ಅಂದರು.

ಆದರೆ ಇದೂ ಬರೀ ಇಷ್ಟೇ ಆದರೆ ನಷ್ಟಕ್ಕೆ ಹತ್ತಿರದ ಬಾಡಿಗೆಯೇ. ಶಿವಮೊಗ್ಗದಿಂದ ಗುಡ್ಡೇಕೇರಿಗೆ ಎಂಬತ್ತು ಕಿಲೋಮೀಟರ್ ಖಾಲಿ. ಉಡುಪಿಯಿಂದ ವಾಪಸ್ ಪೂರ್ತಿ ಖಾಲಿ. ಘಾಟಿಯಲ್ಲಿ ಲೀಟರಿಗೆ 7 ಸಿಕ್ಕರೆ ಹೆಚ್ಚು. ಲೆಕ್ಕ ಹಾಕಿದರೆ ಉಳಿಯುವುದು 1,350, ಬೆಂಗಳೂರಿಗಿಂತ ಕಡಿಮೆ. ಹಾಗಾಗಿ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ವಾಪಸ್ ಬಾಡಿಗೆ ಹುಡುಕಲು ಕೂತೆ. ಈ ಕೆಲಸದಲ್ಲಿ ದುಡ್ಡು ಇರುವುದು ಹೋಗುವ ದಾರಿಯಲ್ಲಲ್ಲ, ಬರುವ ದಾರಿಯಲ್ಲಿ.

ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಐದು ನಿಮಿಷದಲ್ಲಿ ಉತ್ತರ ಬರುತ್ತದೆ. ಆದರೆ ಅಲ್ಲಿ ಹತ್ತು ಜನ ಒಬ್ಬರಿಗಿಂತ ಒಬ್ಬರು ಕಡಿಮೆ ಹೇಳಿ ಡೀಸೆಲ್ ದುಡ್ಡೂ ಹುಟ್ಟದ ರೇಟಿಗೆ ಇಳಿಸಿಬಿಡುತ್ತಾರೆ. ನನಗೆ ಹೆಚ್ಚು ಆಧಾರ ನನ್ನ ಪುಸ್ತಕದ ಹಿಂದಿನ ಪುಟಗಳು. ಅಲ್ಲಿ ಊರಿನ ಪ್ರಕಾರ ನಂಬರ್ ಬರೆದಿಟ್ಟಿದ್ದೇನೆ. ಗ್ಯಾರೇಜಿನವರು, ಹಳೇ ಕಾರು ಮಾರುವವರು, ಇನ್ಶೂರೆನ್ಸ್ ಸರ್ವೇಯರ್‌ಗಳು, ಮನೆ ಸಾಮಾನು ಸಾಗಿಸುವವರು. ಅಡಿಕೆ ಸುಗ್ಗಿ ಮುಗಿದ ಮೇಲೆ ಮಲೆನಾಡಿನವರು ಕಾರು ಕೊಳ್ಳುತ್ತಾರೆ, ಆಗ ಕಾರು ಮಾರುವವರಿಗೆ ಫೋನ್. ಬೇಸಿಗೆಯಲ್ಲಿ ವರ್ಗಾವಣೆ, ಆಗ ಸಾಮಾನಿನವರಿಗೆ. ಮಳೆಗಾಲದಲ್ಲಿ ಗ್ಯಾರೇಜಿನವರಿಗೆ.

ಕುಂದಾಪುರದಲ್ಲಿ ಇಬ್ಬರು ಇಲ್ಲ ಅಂದರು. ಉಡುಪಿಯ ಒಬ್ಬರು ಎತ್ತಲಿಲ್ಲ. ಬ್ರಹ್ಮಾವರದಲ್ಲಿ ಹಳೇ ಗಾಡಿ ವ್ಯಾಪಾರ ಮಾಡುವವರೊಬ್ಬರು ಎತ್ತಿದರು. ಹೋದ ವರ್ಷ ಅವರದೊಂದು ಕಾರು ಇಳಿಸುವಾಗ ಬಂಪರಿಗೆ ಸಣ್ಣ ಗೀರು ಬಿದ್ದಿತ್ತು. ಅವರು ನೋಡುವ ಮೊದಲೇ ನಾನೇ ತೋರಿಸಿ, ಪೇಂಟಿನ ದುಡ್ಡು ಬಾಡಿಗೆಯಲ್ಲಿ ಮುರಿದುಕೊಳ್ಳಿ ಅಂದಿದ್ದೆ. ಅವರು ಮರೆತಿರಲಿಲ್ಲ. "ಹೊಸನಗರದ ಕಡೆಯ ಗೌಡ್ರು ಒಬ್ರಿಗೆ 2009ರ ಓಮ್ನಿ ಕೊಟ್ಟಿದೇನೆ. ಇನ್ಶೂರೆನ್ಸ್ ಮುಗಿದಿದೆ, ಹದಿನೈದು ವರ್ಷದ ರಿಜಿಸ್ಟ್ರೇಷನ್ ರಿನ್ಯೂವಲ್ ಆಗಿಲ್ಲ. ರಸ್ತೆಗೆ ಇಳಿಸಲಿಕ್ಕೆ ಆಗುದಿಲ್ಲ. ನೀವೇ ಬಂದ್ರೆ ಕೊಡ್ತೇನೆ." 6,000ಕ್ಕೆ ಮಾತಾಯಿತು. ಬೆಂಗಳೂರಿನವರಿಗೆ ಫೋನ್ ಮಾಡಿ, ಆಗುವುದಿಲ್ಲ ಸರ್ ಅಂದೆ. ಮಾಸ್ತಿಕಟ್ಟೆಯ ಹೋಟೆಲಿನವರಿಗೂ ಒಂದು ಫೋನ್ ಮಾಡಿ ಘಾಟಿ ತೆರೆದಿದೆಯಾ ಕೇಳಿದೆ. ಗುಡ್ಡ ಕುಸಿದರೆ ಅರ್ಧ ದಾರಿಯಿಂದ ತಿರುಗಬೇಕಾಗುತ್ತದೆ. ತೆರೆದಿದೆ ಅಂದರು.

ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಎಡಗಡೆ ತುಂಗೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಗುಡ್ಡೇಕೇರಿ ಮುಟ್ಟಿದಾಗ ಹನ್ನೊಂದು. ಕಾರಿನವರ ಹೆಂಡತಿ, ಮಗು ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದರು.

ಕಾರು ಹತ್ತಿಸುವುದರಲ್ಲಿ ನಾನು ಅವಸರ ಮಾಡುವುದಿಲ್ಲ. ಮೊದಲು ನಾಲ್ಕೂ ಕಡೆ ಫೋಟೋ. ಇರುವ ಗೀರು, ತಗ್ಗು ಎಲ್ಲ ಯಜಮಾನರ ಎದುರಿಗೇ ತೋರಿಸಿ, ಅದೇ ಫೋಟೋ ಅವರಿಗೂ ಕಳಿಸುತ್ತೇನೆ. ಗೇರ್ ನ್ಯೂಟ್ರಲ್‌ಗೆ ಬಂತು, ಪುಣ್ಯ. ಮುಂದಿನ ಬಂಪರ್ ತಗ್ಗು ಇದ್ದುದರಿಂದ ರ‍್ಯಾಂಪಿನ ತುದಿಗೆ ಎರಡು ಮರದ ಹಲಗೆ ಕೊಟ್ಟೆವು. ವಿಂಚ್ ಕೊಕ್ಕೆ ಸಿಕ್ಕಿಸಿ, ಹುಡುಗ ಸ್ಟೇರಿಂಗ್ ನೇರ ಹಿಡಿದುಕೊಂಡ, ನಾನು ಇಂಚು ಇಂಚಾಗಿ ಎಳೆದೆ. ಮೇಲೆ ಬಂದ ಮೇಲೆ ನಾಲ್ಕೂ ಚಕ್ರಕ್ಕೆ ಬೆಲ್ಟ್. ಚಾಸಿಗೆ ಕಟ್ಟಬಾರದು. ಚಾಸಿಗೆ ಕಟ್ಟಿದರೆ ಗುಂಡಿಯಲ್ಲಿ ಕಾರು ಕುಣಿದಾಗ ಬೆಲ್ಟ್ ಸಡಿಲ ಆಗುತ್ತದೆ. ಚಕ್ರಕ್ಕೆ ಕಟ್ಟಿದರೆ ಕಾರು ತನ್ನ ಸ್ಪ್ರಿಂಗ್ ಮೇಲೆ ತಾನು ಆಡಿಕೊಂಡಿರುತ್ತದೆ, ಚಕ್ರ ಕದಲುವುದಿಲ್ಲ. ತೀರ್ಥಹಳ್ಳಿಯಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿ ಮಾಡಿದೆ. ಒದ್ದೆ ಬೆಲ್ಟು ಒಂದಿಷ್ಟು ದೂರ ಹೋದಮೇಲೆ ಬಿಟ್ಟುಕೊಂಡೇ ಇರುತ್ತದೆ.

ಹುಲಿಕಲ್ಲಿನಲ್ಲಿ ಮಂಜು. ಮುಂದೆ ಹೋಗುವ ಲಾರಿಯ ಹಿಂದಿನ ಕೆಂಪು ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಚಂಡಿಕಾಂಬ ಗುಡಿ ಹತ್ತಿರ ಗಾಡಿ ನಿಲ್ಲಿಸಿ ಕೈ ಮುಗಿದು, ಎರಡನೇ ಗೇರಿನಲ್ಲೇ ಇಳಿದೆ. ಪಕ್ಕದಲ್ಲಿ ಕೂತಿದ್ದ ಕಾರಿನ ಯಜಮಾನರು ಘಾಟಿ ಮುಗಿಯುವವರೆಗೂ ಮಾತಾಡಲಿಲ್ಲ. ಹೊಸಂಗಡಿ ದಾಟಿದ ಮೇಲೆ, "ನೀವು ಹೇಳಿದ ದಾರಿಯೇ ಸರಿ ಆಯ್ತು" ಅಂದರು.

ಉಡುಪಿಯಲ್ಲಿ ಇಳಿಸಿದಾಗ ನಾಲ್ಕೂವರೆ. ದುಡ್ಡು ಅಲ್ಲೇ ಕೊಟ್ಟರು. ಬ್ರಹ್ಮಾವರದಲ್ಲಿ ಓಮ್ನಿ ಹತ್ತಿಸಿ, ಅದರ ಕಾಗದಪತ್ರ ಎಲ್ಲಾ ತೆಗೆದುಕೊಂಡು, ಸಾಸ್ತಾನದ ಟೋಲ್ ದಾಟಿ, ಮತ್ತೆ ಅದೇ ಘಾಟಿ ಹತ್ತಿ ನಗರ ಅನ್ನುವ ಊರಿನ ಮೇಲೆ ಹೊಸನಗರದ ಕಡೆ ಬಂದಾಗ ರಾತ್ರಿ ಒಂಬತ್ತೂವರೆ.

ಗೌಡ್ರ ಮನೆಯವರೆಲ್ಲಾ ಟಾರ್ಚ್ ಹಿಡಿದು ಅಂಗಳದಲ್ಲಿ ಕಾಯುತ್ತಿದ್ದರು. ಓಮ್ನಿ ಕೆಳಗೆ ಬಂದ ತಕ್ಷಣ ಅಜ್ಜಿ ಆರತಿ ತಟ್ಟೆ ಹಿಡಿದು ಬಂದರು. ಜಡಿ ಮಳೆ. ಮೊಮ್ಮಗಳು ಕೊಡೆ ಹಿಡಿದಳು. ದೀಪ ಎರಡು ಸಲ ಆರಿತು. ಮೂರನೇ ಸಲ ಹಚ್ಚಿ, ಕಾರಿನ ಮುಂದೆ ಮೂರು ಸುತ್ತು ಸುತ್ತಿ, ತುಕ್ಕು ಹಿಡಿದ ಬಾಗಿಲಿನ ಮೇಲೆ ಕುಂಕುಮ ಇಟ್ಟರು. ಕುಂಕುಮ ಮಳೆಗೆ ಕರಗಿ ಬಿಳಿ ಬಣ್ಣದ ಮೇಲೆ ಕೆಂಪಗೆ ಇಳಿಯಿತು. ಆ ಮನೆಗೆ ಅದೇ ಮೊದಲ ನಾಲ್ಕು ಚಕ್ರದ ಗಾಡಿ. ತೋಟಕ್ಕೆ ಸುಣ್ಣ, ಮೈಲುತುತ್ತ, ಡ್ರಮ್ಮು ಎಲ್ಲ ಇಷ್ಟು ದಿನ ಬೈಕಿನಲ್ಲೇ ತರುತ್ತಿದ್ದರಂತೆ. ನನಗೆ ಯಾಕೋ ಗಂಟಲು ತುಂಬಿ ಬಂತು. ಹೊಸ ಕಾರುಗಳನ್ನು ಎಷ್ಟೋ ಇಳಿಸಿದ್ದೇನೆ, ಇಷ್ಟು ಸಂತೋಷ ಎಲ್ಲೂ ನೋಡಿರಲಿಲ್ಲ.

"ಈ ಮಳೇಲಿ ರಾತ್ರಿ ಎಲ್ಲಿಗೆ ಹೋಗ್ತೀರಿ, ಊಟ ಮಾಡಿ ಇಲ್ಲೇ ಮಲಗಿ" ಅಂದರು ಗೌಡ್ರು. ಬಿಸಿ ಅನ್ನ, ಕಳಲೆ ಸಾರು, ಅಪ್ಪೆಮಿಡಿ ಉಪ್ಪಿನಕಾಯಿ. ಹುಡುಗ ಮೂರು ಸಲ ಅನ್ನ ಹಾಕಿಸಿಕೊಂಡ. ಜಗಲಿಯಲ್ಲಿ ಚಾಪೆ ಹಾಸಿಕೊಂಡು, ಮಲಗುವ ಮೊದಲು ಪುಸ್ತಕ ತೆಗೆದು ಬರೆದೆ. ಬಂದದ್ದು 14,500. ಡೀಸೆಲ್ 5,400. ಟೋಲ್, ಬಾಟಾ, ಊಟ 1,400. ಉಳಿದದ್ದು 7,700. ಹೊಸನಗರದಿಂದ ಶಿವಮೊಗ್ಗ ಸುಮಾರು ಎಪ್ಪತ್ತು ಕಿಲೋಮೀಟರ್, ಖಾಲಿ ಅಂತ ಬರೆದು ಪೆನ್ನು ಮುಚ್ಚಿದೆ.

ಬೆಳಗ್ಗೆ ಎದ್ದಾಗ ಮಳೆ ಹೊಳವಾಗಿತ್ತು. ಪಕ್ಕದ ತೋಟದವರು ಒಬ್ಬರು ಬಂದು ನನ್ನ ಗಾಡಿಯ ಹಾಸಿನ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು. ನನ್ನನ್ನು ನೋಡಿ ನಿಂತರು.

"ಅಣ್ಣ, ಇದ್ರ ಮೇಲೆ ಪವರ್ ಟಿಲ್ಲರ್ ಹತ್ತುತ್ತಾ? ನಮ್ದು ಕೆಟ್ಟು ಕೂತಿದೆ. ಶಿವಮೊಗ್ಗಕ್ಕೆ ರಿಪೇರಿಗೆ ಹಾಕ್ಬೇಕು. ನಾಟಿ ಬೇರೆ ಬಂತು."

"ಹತ್ತುತ್ತೆ ಅಣ್ಣ, ಎಲ್ಲಿದೆ ತೋರಿಸಿ" ಅಂದೆ. ಹುಡುಗನನ್ನು ಎಬ್ಬಿಸಿ, ಹಲಗೆ ತೆಗೆಯಲು ಹೇಳಿದೆ.